ದೆಹಲಿ ಸ್ಕೂಲ್: ಬಡತನವನ್ನು ಲೆಕ್ಕಕ್ಕೆ ತಂದ ವಿಭಾಗ



ವಿಶ್ವವಿದ್ಯಾಲಯದ ಒಂದು ವಿಭಾಗದ ಚರಿತ್ರೆ ಎಂದೊಡನೆ ನೆನಪಾಗುವುದು ಸ್ಮರಣ ಸಂಚಿಕೆ. ಸ್ಥಾಪನೆಯಾದ ವರ್ಷ, ಮುಖ್ಯಸ್ಥರ ಪಟ್ಟಿ, ಕಟ್ಟಡದ ಉದ್ಘಾಟನೆಯ ಭಾವಚಿತ್ರ, ಚಿನ್ನದ ಪದಕ ಪಡೆದವರ ಹೆಸರು, ಇಷ್ಟರಲ್ಲಿ ಅದು ಮುಗಿಯುತ್ತದೆ. ಅಲ್ಲಿ ಓದಿದವರನ್ನು ಬಿಟ್ಟರೆ ಬೇರೆ ಯಾರೂ ಅದನ್ನು ತೆರೆದು ನೋಡುವುದಿಲ್ಲ. ಆದರೆ ಕೆಲವು ವಿಭಾಗಗಳ ಚರಿತ್ರೆ ಅವುಗಳ ಕಾಂಪೌಂಡಿನೊಳಗೇ ನಿಲ್ಲುವುದಿಲ್ಲ. ದೇಶದಲ್ಲಿ ಬಡವರು ಎಷ್ಟು ಮಂದಿ, ವಿದೇಶದಿಂದ ಯಂತ್ರ ತರಿಸಲು ಸರ್ಕಾರದ ಪರವಾನಗಿ ಬೇಕೆ, ಹೊಲದಲ್ಲಿ ಮಗಳಿಗೂ ಪಾಲು ಏಕೆ ಇರಬೇಕು, ಇಂಥ ಪ್ರಶ್ನೆಗಳು ತರಗತಿಯಿಂದ ಹೊರಟು ಪಾರ್ಲಿಮೆಂಟಿನವರೆಗೆ ಹೋದದ್ದುಂಟು. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ, ಅಂದರೆ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಎಂದು ಹೆಸರಾದ ಸಂಸ್ಥೆ, ಅಂಥ ವಿಭಾಗಗಳಲ್ಲಿ ಒಂದು. ಅದರ ಕಥೆಗೆ ಕರ್ನಾಟಕದ ನಂಟೂ ಇದೆ.

ಈ ಕಥೆ ಒಂದು ಅಂಕಿಯಿಂದ ಆರಂಭವಾಗುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ಒಬ್ಬ ಭಾರತೀಯನ ಸರಾಸರಿ ವರಮಾನ ಎಷ್ಟು ಎಂಬುದು ಬರೀ ಲೆಕ್ಕದ ಪ್ರಶ್ನೆಯಾಗಿರಲಿಲ್ಲ, ರಾಜಕೀಯದ ಪ್ರಶ್ನೆಯಾಗಿತ್ತು. 1870ರ ದಶಕದಲ್ಲಿ ದಾದಾಭಾಯಿ ನವರೋಜಿ ಅದು ವರ್ಷಕ್ಕೆ 20 ರೂಪಾಯಿ ಎಂದು ಅಂದಾಜು ಮಾಡಿ, ಈ ಆಳ್ವಿಕೆ ದೇಶವನ್ನು ಬಡವಾಗಿಸುತ್ತಿದೆ ಎಂದು ವಾದಿಸಿದರು. 1901ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ 30 ರೂಪಾಯಿಯ ಲೆಕ್ಕ ಮುಂದಿಟ್ಟರು. ಒಬ್ಬರದು ಆರೋಪ, ಇನ್ನೊಬ್ಬರದು ಸಮರ್ಥನೆ. ಎರಡೂ ಕಡೆಯವರ ಕೈಯಲ್ಲಿ ಇದ್ದುದು ಅರೆಬರೆ ಮಾಹಿತಿ.

ಈ ವಾದವನ್ನು ಶಾಸ್ತ್ರದ ನೆಲೆಗೆ ತಂದವರಲ್ಲಿ ಮುಖ್ಯರಾದವರು ವಿ.ಕೆ.ಆರ್.ವಿ. ರಾವ್. 1908ರ ಜುಲೈ 8ರಂದು ಕಾಂಚೀಪುರದಲ್ಲಿ ಹುಟ್ಟಿದ ರಾವ್, ಮುಂಬಯಿಯಲ್ಲಿ ಓದಿ ಕೇಂಬ್ರಿಜ್‌ಗೆ ಹೋದರು. ಕೇನ್ಸ್ ಅವರ ಕಾಲದ ಕೇಂಬ್ರಿಜ್ ಅದು. ಅಲ್ಲಿ ಅವರು ಆರಿಸಿಕೊಂಡ ವಿಷಯ ಭಾರತದ ರಾಷ್ಟ್ರೀಯ ವರಮಾನ. 1931-32ನೇ ಸಾಲಿಗೆ ಅವರು ಹಾಕಿದ ಲೆಕ್ಕ 1940ರಲ್ಲಿ ಪುಸ್ತಕವಾಗಿ ಬಂತು. ಬ್ರಿಟಿಷ್ ಭಾರತದಲ್ಲಿ ತಲಾ ವರಮಾನ ವರ್ಷಕ್ಕೆ 62 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿ ಚಿಲ್ಲರೆ ಎಂಬುದು ಅವರ ತೀರ್ಮಾನ.

ಅಂಕಿಗಿಂತ ಅದನ್ನು ಕಂಡುಕೊಂಡ ಬಗೆ ಹೆಚ್ಚು ಮುಖ್ಯ. ಇಂಗ್ಲೆಂಡಿನಲ್ಲಿ ಆದಾಯ ತೆರಿಗೆಯ ದಾಖಲೆ ನೋಡಿದರೆ ಜನರ ವರಮಾನದ ದೊಡ್ಡ ಭಾಗ ಸಿಗುತ್ತಿತ್ತು. ಭಾರತದಲ್ಲಿ ತೆರಿಗೆ ಕಟ್ಟುವವರೇ ಬೆರಳೆಣಿಕೆಯಷ್ಟು ಮಂದಿ. ರೈತನ ಬಳಿ ಲೆಕ್ಕದ ಪುಸ್ತಕ ಇರಲಿಲ್ಲ. ಬೆಳೆದದ್ದರಲ್ಲಿ ಒಂದು ಪಾಲು ಮನೆಯ ಅಡುಗೆಗೆ, ಒಂದು ಪಾಲು ಬಿತ್ತನೆಗೆ, ಒಂದು ಪಾಲು ಕೂಲಿಗೆ ಹೋಗಿ, ಪೇಟೆಗೆ ಬರುತ್ತಿದ್ದುದು ಉಳಿದದ್ದು ಮಾತ್ರ. ಹೀಗಾಗಿ ರಾವ್ ದೇಶದ ಆರ್ಥಿಕತೆಯನ್ನು ಎರಡು ಭಾಗ ಮಾಡಿಕೊಂಡರು. ಬೇಸಾಯ, ಗಣಿ ಮೊದಲಾದ ಕಡೆ ಉತ್ಪನ್ನದ ಬೆಲೆ ಕಟ್ಟಿ ಖರ್ಚು ಕಳೆದರು. ವ್ಯಾಪಾರ, ನೌಕರಿ, ಸೇವೆಗಳ ಕಡೆ ಎಷ್ಟು ಮಂದಿ ದುಡಿಯುತ್ತಾರೆ, ಸರಾಸರಿ ಎಷ್ಟು ಗಳಿಸುತ್ತಾರೆ ಎಂದು ನೋಡಿದರು. ಎರಡನ್ನೂ ಕೂಡಿಸಿದರು. ಹೊರಗಿನ ವಿಧಾನವನ್ನು ಹಾಗೆಯೇ ತಂದು ಹೊದಿಸದೆ, ಇಲ್ಲಿನ ಬದುಕಿಗೆ ತಕ್ಕಂತೆ ಹೊಲಿದುಕೊಂಡ ಕೆಲಸ ಇದು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ 1949ರಲ್ಲಿ ರಾಷ್ಟ್ರೀಯ ವರಮಾನ ಸಮಿತಿ ನೇಮಿಸಿದಾಗ ಮಹಾಲನೋಬಿಸ್ ಅಧ್ಯಕ್ಷರಾದರು, ಡಿ.ಆರ್. ಗಾಡ್ಗೀಳ್ ಮತ್ತು ರಾವ್ ಸದಸ್ಯರಾದರು.

ಅದೇ 1949ರಲ್ಲಿ ರಾವ್ ದೆಹಲಿ ಸ್ಕೂಲನ್ನು ಕಟ್ಟಿದರು. 1942ರಲ್ಲಿಯೇ ಅವರು ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಸ್ವತಂತ್ರ ದೇಶಕ್ಕೆ ಯೋಜನೆ ಬೇಕು, ಯೋಜನೆಗೆ ಅರ್ಥಶಾಸ್ತ್ರಜ್ಞರು ಬೇಕು, ಅವರೆಲ್ಲರೂ ಲಂಡನ್ನಿಗೋ ಕೇಂಬ್ರಿಜ್‌ಗೋ ಹೋಗಿಬಂದೇ ತಯಾರಾಗಬೇಕು ಎಂದಿದ್ದರೆ ಆ ಸ್ವಾತಂತ್ರ್ಯ ಅಪೂರ್ಣ ಎಂಬ ಭಾವನೆ ಆ ಕಾಲದ್ದು. ಸಂಸ್ಥೆಯ ಸೊಸೈಟಿಗೆ ಪ್ರಧಾನಿ ನೆಹರೂ ಅವರೇ ಅಧ್ಯಕ್ಷರಾದರು. ಟಾಟಾ ಟ್ರಸ್ಟ್ ನೆರವಿನಿಂದ ಬೆಳೆದ ಗ್ರಂಥಾಲಯಕ್ಕೆ ರತನ್ ಟಾಟಾ ಹೆಸರು ಬಂತು. ಸಮಾಜ ವಿಜ್ಞಾನದ ವಿದ್ಯಾರ್ಥಿಗಳಿಗೆ ಅದು ಇಂದಿಗೂ ದೊಡ್ಡ ಆಸರೆ.

ರಾವ್ ಸುಮ್ಮನೆ ಕೂರುವ ಜಾಯಮಾನದವರಲ್ಲ. ಬಡ ದೇಶಗಳಿಗೆ ಕಡಿಮೆ ಬಡ್ಡಿಯಲ್ಲಿ ದೀರ್ಘಾವಧಿ ಸಾಲ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಬೇಕು ಎಂದು 1949ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರಸ್ತಾವ ಇಟ್ಟವರು ಅವರು. ಆಗ ಅದಕ್ಕೆ ಶ್ರೀಮಂತ ರಾಷ್ಟ್ರಗಳು ಒಪ್ಪಲಿಲ್ಲ. 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಹುಟ್ಟಿದಾಗ ಆ ವಿಚಾರವೇ ಬೇರೆ ರೂಪದಲ್ಲಿ ಕೈಗೂಡಿತು. ಮುಂದೆ ಅವರು ದೆಹಲಿ ವಿಶ್ವವಿದ್ಯಾಲಯದ ಉಪಕುಲಪತಿಯಾದರು. 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದು ಕೇಂದ್ರದಲ್ಲಿ ಸಾರಿಗೆ ಸಚಿವರೂ ಶಿಕ್ಷಣ ಸಚಿವರೂ ಆದರು. ಕಾಲೇಜಿನ ಹುಡುಗರು ಹಳ್ಳಿಗೆ ಹೋಗಿ ಶ್ರಮದಾನ ಮಾಡುವ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು 1969ರಲ್ಲಿ, ಅವರು ಶಿಕ್ಷಣ ಸಚಿವರಾಗಿದ್ದ ಕಾಲದಲ್ಲಿ.

ಒಬ್ಬ ವ್ಯಕ್ತಿ ಕಟ್ಟಿದ ಸಂಸ್ಥೆ ಆ ವ್ಯಕ್ತಿಯೊಂದಿಗೇ ಕರಗುವುದು ನಮ್ಮಲ್ಲಿ ಸಾಮಾನ್ಯ. ದೆಹಲಿ ಸ್ಕೂಲಿಗೆ ಹಾಗಾಗದಿರಲು ಕಾರಣ ಎರಡನೆಯ ತಲೆಮಾರು. 1953ರಲ್ಲಿ ಕೆ.ಎನ್. ರಾಜ್ ಅಲ್ಲಿಗೆ ಬಂದರು. ಕೇರಳದ ರಾಜ್, ಮೊದಲ ಪಂಚವಾರ್ಷಿಕ ಯೋಜನೆಯ ಪೀಠಿಕಾ ಅಧ್ಯಾಯವನ್ನು ಬರೆದಾಗ ಅವರ ವಯಸ್ಸು 26ರ ಆಸುಪಾಸು. 1960ರ ದಶಕದ ಆರಂಭದಲ್ಲಿ ಅವರ ಮುಂದಾಳುತನದಲ್ಲಿ ಮೂವತ್ತರ ಆಚೀಚಿನ ವಯಸ್ಸಿನ ಪ್ರತಿಭಾವಂತರು ಪ್ರಾಧ್ಯಾಪಕರಾಗಿ ಸೇರಿದರು. ಅಮರ್ತ್ಯ ಸೇನ್, ಜಗದೀಶ್ ಭಗವತಿ, ಸುಖಮಯ್ ಚಕ್ರವರ್ತಿ ಇವರಲ್ಲಿ ಮುಖ್ಯರು. ಸೇವಾ ಜ್ಯೇಷ್ಠತೆಯನ್ನೇ ನೆಚ್ಚಿಕೊಂಡ ವ್ಯವಸ್ಥೆಯಲ್ಲಿ ಅಷ್ಟು ಚಿಕ್ಕ ವಯಸ್ಸಿನವರನ್ನು ಪ್ರಾಧ್ಯಾಪಕರ ಕುರ್ಚಿಯಲ್ಲಿ ಕೂರಿಸಿದ್ದು ಸಣ್ಣ ಧೈರ್ಯವಲ್ಲ. ಧರ್ಮಾ ಕುಮಾರ್ ಆರ್ಥಿಕ ಚರಿತ್ರೆ ಕಲಿಸಿದರು. ಎ.ಎಲ್. ನಾಗರ್ ಅರ್ಥಮಿತಿ ಶಾಸ್ತ್ರಕ್ಕೆ ಹೆಸರಾದರು. 1969ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಪ್ರಾಧ್ಯಾಪಕರಾಗಿ ಬಂದವರು ಮನಮೋಹನ್ ಸಿಂಗ್.

ಇವರು ಮಾಡಿದ ಕೆಲಸವೇನು? ಒಂದೆರಡು ಉದಾಹರಣೆ ನೋಡಬಹುದು.

ಒಂದು ಗ್ರಾಮ ಪಂಚಾಯಿತಿಯಲ್ಲಿ ಮೂವರು ಸದಸ್ಯರಿದ್ದಾರೆ ಎಂದುಕೊಳ್ಳಿ. ಬಂದ ಹಣದಲ್ಲಿ ಕೊಳವೆ ಬಾವಿ, ಶಾಲೆಯ ಕೊಠಡಿ, ರಸ್ತೆ ಈ ಮೂರರಲ್ಲಿ ಒಂದನ್ನು ಮಾತ್ರ ಮಾಡಬಹುದು. ಮೊದಲನೆಯವರ ಮನಸ್ಸು ಬಾವಿ, ಆಮೇಲೆ ಶಾಲೆ, ಕೊನೆಗೆ ರಸ್ತೆ. ಎರಡನೆಯವರದು ಶಾಲೆ, ರಸ್ತೆ, ಬಾವಿ. ಮೂರನೆಯವರದು ರಸ್ತೆ, ಬಾವಿ, ಶಾಲೆ. ಶಾಲೆಗಿಂತ ಬಾವಿ ಮೇಲು ಎನ್ನುವವರು ಇಬ್ಬರು. ರಸ್ತೆಗಿಂತ ಶಾಲೆ ಮೇಲು ಎನ್ನುವವರೂ ಇಬ್ಬರು. ಹಾಗಾದರೆ ಬಾವಿಯೇ ಗೆಲ್ಲಬೇಕಲ್ಲ? ಇಲ್ಲ, ಬಾವಿಗಿಂತ ರಸ್ತೆ ಮೇಲು ಎನ್ನುವವರೂ ಇಬ್ಬರಿದ್ದಾರೆ! ಬಹುಮತ ಗಾಣದೆತ್ತಿನಂತೆ ಸುತ್ತುತ್ತದೆ. 1951ರಲ್ಲಿ ಅಮೆರಿಕದ ಕೆನೆತ್ ಆ್ಯರೋ ಇದನ್ನು ಇನ್ನೂ ಮುಂದಕ್ಕೆ ಒಯ್ದು, ಕೆಲವು ನ್ಯಾಯವಾದ ಷರತ್ತುಗಳನ್ನು ಒಟ್ಟಿಗೆ ಪಾಲಿಸುವ ಯಾವ ಆಯ್ಕೆಯ ನಿಯಮವೂ ಸಾಧ್ಯವಿಲ್ಲ ಎಂದು ಗಣಿತದಿಂದ ತೋರಿಸಿದ್ದರು. ಹಾಗಿದ್ದರೆ ಪ್ರಜಾಪ್ರಭುತ್ವದಲ್ಲಿ ವಿವೇಕದ ತೀರ್ಮಾನವೇ ಅಸಾಧ್ಯವೆ?

ಅಮರ್ತ್ಯ ಸೇನ್ ದೆಹಲಿಯಲ್ಲಿದ್ದ ವರ್ಷಗಳಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಯಾರು ಯಾವುದನ್ನು ಮೇಲಿಡುತ್ತಾರೆ ಎಂಬುದಷ್ಟೇ ಗೊತ್ತಿದ್ದರೆ ದಾರಿ ಮುಚ್ಚಿಹೋಗುತ್ತದೆ. ನೀರಿಲ್ಲದವನ ಕಷ್ಟ ಎಷ್ಟು, ರಸ್ತೆ ಇಲ್ಲದವನ ಕಷ್ಟ ಎಷ್ಟು ಎಂದು ಹೋಲಿಸಲು ಒಪ್ಪಿದರೆ ದಾರಿ ತೆರೆಯುತ್ತದೆ ಎಂಬುದು ಅವರ ಚಿಂತನೆಯ ಒಂದು ಮುಖ್ಯ ಎಳೆ. 1970ರಲ್ಲಿ ಬಂದ ‘ಕಲೆಕ್ಟಿವ್ ಚಾಯ್ಸ್ ಅಂಡ್ ಸೋಷಿಯಲ್ ವೆಲ್‌ಫೇರ್’ ಕೃತಿ ಈ ಕ್ಷೇತ್ರದಲ್ಲಿ ಆಧಾರ ಗ್ರಂಥವಾಯಿತು. 1998ರಲ್ಲಿ ಅವರಿಗೆ ಬಂದ ನೊಬೆಲ್ ಪುರಸ್ಕಾರದ ಹಿಂದೆ ಈ ಕೆಲಸವೂ ಇದೆ. ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಒಡಿಶಾದಲ್ಲಿ ಪದವಿ ಮುಗಿಸಿ ಬಂದ ಪ್ರಶಾಂತ ಪಟ್ನಾಯಕ್ ಎಂಬ ವಿದ್ಯಾರ್ಥಿ ಸೇನ್ ಅವರಲ್ಲಿ ಸಂಶೋಧನೆ ಮಾಡಿ, ಅದೇ ವಿಷಯದಲ್ಲಿ ಲೋಕ ಮನ್ನಣೆ ಪಡೆದರು. ಹೊಸ ವಿಚಾರ ಹುಟ್ಟುತ್ತಿದ್ದ ಕೋಣೆಯಲ್ಲಿಯೇ ವಿದ್ಯಾರ್ಥಿಯೂ ಕುಳಿತಿದ್ದ ಎಂಬುದು ಇದರ ಅರ್ಥ.

ಜಗದೀಶ್ ಭಗವತಿ ಅವರ ದಾರಿ ಬೇರೆ. ಆಗ ವಿದೇಶಿ ಸರಕು ತರಿಸಲು ಲೈಸೆನ್ಸ್ ಬೇಕಾಗಿತ್ತು. ಲೈಸೆನ್ಸ್ ಕಡಿಮೆ, ಬೇಡಿಕೆ ಹೆಚ್ಚು. ಹೀಗಿರುವಾಗ ಲಾಭ ಹುಟ್ಟುವುದು ಕಾರ್ಖಾನೆಯಲ್ಲಲ್ಲ, ಲೈಸೆನ್ಸಿನ ಕಾಗದದಲ್ಲಿ. ಒಳ್ಳೆಯ ಸರಕು ಮಾಡುವವನಿಗಿಂತ ಕಚೇರಿಯ ಬಾಗಿಲು ಬಲ್ಲವನು ಗೆಲ್ಲುತ್ತಾನೆ. ಪದ್ಮಾ ದೇಸಾಯಿ ಅವರೊಂದಿಗೆ ಭಗವತಿ 1970ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯವಸ್ಥೆಯ ದೋಷಗಳನ್ನು ಎಳೆ ಎಳೆಯಾಗಿ ಬಿಡಿಸಿಟ್ಟಿತು. ಭಾರತ ರಫ್ತಿನ ಅವಕಾಶಗಳನ್ನು ಅನಗತ್ಯವಾಗಿ ಕಡೆಗಣಿಸುತ್ತಿದೆ ಎಂದು ಮನಮೋಹನ್ ಸಿಂಗ್ 1964ರ ತಮ್ಮ ಪುಸ್ತಕದಲ್ಲಿ ಹೇಳಿದ್ದರು. 1991ರಲ್ಲಿ ಅವರು ಅರ್ಥ ಸಚಿವರಾಗಿ ಲೈಸೆನ್ಸ್ ವ್ಯವಸ್ಥೆಯನ್ನು ಸಡಿಲಿಸಿದಾಗ ಬಹಳ ಮಂದಿ ಅದನ್ನು ಹೊರಗಿನ ಒತ್ತಡಕ್ಕೆ ಬಂದ ದಿಢೀರ್ ತಿರುವು ಎಂದು ಬಗೆದರು. ವಿದೇಶಿ ವಿನಿಮಯದ ಬಿಕ್ಕಟ್ಟು ನಿಜವೇ. ಆದರೆ ಆ ವಾದ ಇಪ್ಪತ್ತು ವರ್ಷಕ್ಕೂ ಮೊದಲೇ ನಮ್ಮ ವಿಶ್ವವಿದ್ಯಾಲಯದ ಮೊಗಸಾಲೆಯಲ್ಲಿ ನಡೆದಿತ್ತು ಎಂಬುದೂ ಅಷ್ಟೇ ನಿಜ.

ಹಾಗೆಂದು ಇದು ಮುಕ್ತ ಮಾರುಕಟ್ಟೆಯವರ ಮಠವಾಗಿರಲಿಲ್ಲ. ಅದೇ ಮೊಗಸಾಲೆಯಲ್ಲಿ ರಾಜ್ ಇದ್ದರು, ಚಕ್ರವರ್ತಿ ಇದ್ದರು. ಇಬ್ಬರೂ ಯೋಜನೆಯಲ್ಲಿ ನಂಬಿಕೆ ಇಟ್ಟವರು. ಯೋಜನೆಯ ಗಣಿತದಲ್ಲಿ ಆಳವಾದ ಕೆಲಸ ಮಾಡಿದ ಚಕ್ರವರ್ತಿ, 1971ರಿಂದ ಯೋಜನಾ ಆಯೋಗದ ಸದಸ್ಯರಾಗಿದ್ದರು. ರಿಸರ್ವ್ ಬ್ಯಾಂಕ್ ನೇಮಿಸಿದ ಹಣಕಾಸು ವ್ಯವಸ್ಥೆಯ ಪರಿಶೀಲನಾ ಸಮಿತಿಗೆ ಅಧ್ಯಕ್ಷರಾಗಿ 1985ರಲ್ಲಿ ವರದಿ ಕೊಟ್ಟರು. ಒಂದೇ ವಿಭಾಗದ ಅಧ್ಯಾಪಕರು ಪರಸ್ಪರ ವಿರುದ್ಧ ನಿಲುವು ತಳೆದು, ಒಬ್ಬರನ್ನೊಬ್ಬರು ಗೌರವಿಸುತ್ತ ಅದೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ವಿದ್ಯಾರ್ಥಿ ಎರಡೂ ಕಡೆ ಕೇಳಿ ತಾನೇ ತೀರ್ಮಾನಿಸಬೇಕಾಗಿತ್ತು. ದೆಹಲಿ ಸ್ಕೂಲಿನ ಸಾಧನೆ ಎಂದು ಒಂದನ್ನೇ ಹೇಳುವುದಾದರೆ ಇದನ್ನು ಹೇಳಬೇಕು.

ಲೆಕ್ಕದ ಜೊತೆಗೆ ಊರನ್ನು ಕಣ್ಣಾರೆ ಕಾಣುವ ಶಿಸ್ತೂ ಅಲ್ಲಿ ಬೇರೂರಿತು. 1959ರಲ್ಲಿ ಅದೇ ಆವರಣದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದವರು ಮೈಸೂರಿನ ಎಂ.ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಜಾತಿ, ಜಮೀನು, ಜಗಳ, ಹಬ್ಬಗಳನ್ನು ಹತ್ತಿರದಿಂದ ನೋಡಿ ಬರೆದವರು ಅವರು. ಅಂಕಿಅಂಶದ ಕೋಷ್ಟಕದಲ್ಲಿ ‘ಕೃಷಿ ಕಾರ್ಮಿಕ’ ಎಂದು ಒಂದೇ ಸಾಲಿನಲ್ಲಿ ಬರುವ ಮನುಷ್ಯ, ಹಳ್ಳಿಯಲ್ಲಿ ಯಾವ ಕೇರಿಯವನು, ಯಾರ ಜಗಲಿ ಹತ್ತುವಂತಿಲ್ಲ ಎಂಬುದು ಅಂಥ ಅಧ್ಯಯನದಿಂದ ತಿಳಿಯುತ್ತದೆ. ಧರ್ಮಾ ಕುಮಾರ್ ಅವರ 1965ರ ಕೃತಿ ಇದನ್ನೇ ಚರಿತ್ರೆಯ ದಾಖಲೆಗಳಿಂದ ತೋರಿಸಿತು. ಭೂಮಿ ಇಲ್ಲದ ಕೂಲಿಕಾರರ ವರ್ಗ ಬ್ರಿಟಿಷರಿಂದಲೇ ಸೃಷ್ಟಿಯಾಯಿತು ಎಂಬ ನಂಬಿಕೆ ಆಗ ಬಲವಾಗಿತ್ತು. ಮದ್ರಾಸ್ ಪ್ರಾಂತ್ಯದ ಕಡತಗಳನ್ನು ಶೋಧಿಸಿದ ಅವರು, ಜಾತಿಗೆ ಕಟ್ಟುಬಿದ್ದ ಭೂಹೀನ ದುಡಿಮೆಗಾರರು ಅದಕ್ಕೆ ಮೊದಲೇ ದೊಡ್ಡ ಸಂಖ್ಯೆಯಲ್ಲಿದ್ದರು ಎಂದು ವಾದಿಸಿದರು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು ಎಂಬುದನ್ನು ನೆನೆದರೆ ಇದು ನಮ್ಮ ಚರಿತ್ರೆಯೂ ಹೌದು.

ಆ ಸುವರ್ಣ ಕಾಲ ಹೆಚ್ಚು ದಿನ ಉಳಿಯಲಿಲ್ಲ. 1968ರಲ್ಲಿ ಭಗವತಿ ಅಮೆರಿಕಕ್ಕೆ ಹೋದರು. 1971ರಲ್ಲಿ ಸೇನ್ ಲಂಡನ್ನಿಗೆ, ಮನಮೋಹನ್ ಸಿಂಗ್ ಸರ್ಕಾರಿ ಸೇವೆಗೆ ಹೋದರು. ಉಪಕುಲಪತಿ ಸ್ಥಾನ ಬಿಟ್ಟ ರಾಜ್, ಅದೇ ಸುಮಾರಿಗೆ ತಿರುವನಂತಪುರದಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರ ಕಟ್ಟಲು ಹೊರಟರು. 1972ರಲ್ಲಿ ರಾವ್ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ, ಅಂದರೆ ಐಸೆಕ್ ಸ್ಥಾಪಿಸಿದಾಗ, ಶ್ರೀನಿವಾಸ್ ಅವರೂ ದೆಹಲಿ ಬಿಟ್ಟು ಅಲ್ಲಿಗೆ ಬಂದರು. ನಾಲ್ಕೈದು ವರ್ಷದಲ್ಲಿ ಮನೆ ಅರ್ಧ ಬರಿದಾಯಿತು.

ಆದರೂ ವಿಭಾಗ ಬೀಳಲಿಲ್ಲ. ಚಕ್ರವರ್ತಿ ಯೋಜನಾ ಆಯೋಗದಿಂದ ಮರಳಿ ಬಂದು 1990ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಕಲಿಸಿದರು. 1977ರಲ್ಲಿ ಸೇರಿದ ಕೌಶಿಕ್ ಬಸು, 1992ರಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರ ಕೇಂದ್ರ ಆರಂಭಿಸಿದರು. ಮುಂದೆ ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞರಾದರು. ಅಲ್ಲಿಯೇ ಪಿಎಚ್.ಡಿ. ಮಾಡಿದ ಬೀನಾ ಅಗರ್ವಾಲ್, ಹೆಣ್ಣಿಗೆ ಸ್ವಂತ ಹೊಲ ಇದ್ದರೆ ಮನೆಯೊಳಗೆ ಅವಳ ಮಾತಿಗೆ ಬರುವ ತೂಕವೇ ಬೇರೆ ಎಂದು 1994ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದೂ 1994ರಲ್ಲಿಯೇ. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ 2005ರಲ್ಲಿ ಬಂತು. ಅದಕ್ಕಾಗಿ ಒತ್ತಾಯಿಸಿದವರ ಮುಂಚೂಣಿಯಲ್ಲಿ ಅಗರ್ವಾಲ್ ಇದ್ದರು.

ರಾವ್ ಆರಂಭಿಸಿದ ಲೆಕ್ಕದ ಕೆಲಸವೂ ನಿಲ್ಲಲಿಲ್ಲ. 1993-94ರಲ್ಲಿ ಶೇಕಡ 36ರಷ್ಟಿದ್ದ ಬಡವರ ಪ್ರಮಾಣ 1999-2000ದಲ್ಲಿ ಶೇ 26ಕ್ಕೆ ಇಳಿಯಿತು ಎಂದು ಸರ್ಕಾರ ಪ್ರಕಟಿಸಿತು. ಸಮೀಕ್ಷೆಯ ಪ್ರಶ್ನಾವಳಿಯೇ ಬದಲಾಗಿದ್ದನ್ನು ಅರ್ಥಶಾಸ್ತ್ರಜ್ಞರು ಎತ್ತಿ ತೋರಿಸಿದರು. ಹಿಂದೆ ಕಳೆದ 30 ದಿನದ ಊಟದ ಖರ್ಚನ್ನು ಕೇಳುತ್ತಿದ್ದರು. ಈ ಬಾರಿ ಏಳು ದಿನದ್ದನ್ನೂ 30 ದಿನದ್ದನ್ನೂ ಒಟ್ಟಿಗೇ ಕೇಳಿದ್ದರು. ಹತ್ತಿರದ ನೆನಪು ಹೆಚ್ಚು ಖರ್ಚನ್ನು ಹೇಳಿಸುತ್ತದೆ. ಖರ್ಚು ಹೆಚ್ಚಿದಂತೆ ಕಂಡರೆ ಬಡವರು ಕಡಿಮೆಯಾದಂತೆ ಕಾಣುತ್ತದೆ. ದೆಹಲಿ ಸ್ಕೂಲಿನಲ್ಲಿದ್ದ ಜಾನ್ ಡ್ರೆಜ್, ಆಂಗಸ್ ಡೀಟನ್ ಅವರೊಂದಿಗೆ 2002ರಲ್ಲಿ ಲೆಕ್ಕವನ್ನು ಸರಿಪಡಿಸಿ ಪ್ರಕಟಿಸಿದರು. ಬಡತನ ಇಳಿದಿತ್ತು, ಆದರೆ ಸರ್ಕಾರ ಹೇಳಿದಷ್ಟಲ್ಲ.

ಅದೇ ವಿಭಾಗದಲ್ಲಿ ದಶಕಗಳ ಕಾಲ ಕಲಿಸಿದ ಸುರೇಶ್ ತೆಂಡೂಲ್ಕರ್ ಅವರ ಸಮಿತಿ 2009ರಲ್ಲಿ ವರದಿ ಕೊಟ್ಟಿತು. ಹಳೆಯ ಬಡತನ ರೇಖೆಯ ಬುಡದಲ್ಲಿದ್ದುದು ಹೊಟ್ಟೆಗೆ ಬೇಕಾದ ಕ್ಯಾಲೊರಿಯ ಲೆಕ್ಕ. ಮಗುವಿನ ಶಾಲೆಯ ಖರ್ಚು, ಆಸ್ಪತ್ರೆಯ ಖರ್ಚು ಸೇರದೆ ಬದುಕಿನ ಲೆಕ್ಕ ಮುಗಿಯುವುದಿಲ್ಲ ಎಂದಿತು ಸಮಿತಿ. ಹೊಸ ರೇಖೆ ಎಳೆದಾಗ 2004-05ರ ಬಡವರ ಪ್ರಮಾಣ ಶೇ 27.5ರಿಂದ ಶೇ 37.2ಕ್ಕೆ ಏರಿತು. ಆ ರೇಖೆಯೂ ತೀರ ಕೆಳಗಿದೆ ಎಂಬ ಟೀಕೆ ಮುಂದೆ ಬಂತು, ಬರಲೇಬೇಕಾಗಿತ್ತು. ಹತ್ತು ಶೇಕಡದ ಈ ಅಂತರ ಕಾಗದದ ಮೇಲಿನದಲ್ಲ. ಕೋಟ್ಯಂತರ ಜನ ಬಡವರೆಂದು ಎಣಿಕೆಗೆ ಬಂದರೆ ಇಲ್ಲವೆ ಎಂಬುದು ಅದರಲ್ಲಿತ್ತು. 2017-18ರ ಖರ್ಚಿನ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟದ ಕಾರಣ ನೀಡಿ ಸರ್ಕಾರ ಪ್ರಕಟಿಸಲೇ ಇಲ್ಲ. 2011-12ರ ನಂತರದ ಹೊಸ ಅಂಕಿಗಳು ಹೊರಬಂದದ್ದು 2024ರಲ್ಲಿ. ಲೆಕ್ಕ ಇಲ್ಲದ ಅಷ್ಟು ವರ್ಷ ಬಡತನದ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದಾಗಿತ್ತು. ನವರೋಜಿ ಮತ್ತು ಕರ್ಜನ್ ಕಾಲಕ್ಕೆ ಮರಳಿದಂತೆ.

ಇಲ್ಲಿಗೆ ಬಂದಾಗ ಕರ್ನಾಟಕವನ್ನು ಕೇಳಬೇಕಾದ ಪ್ರಶ್ನೆಯೊಂದಿದೆ. ರಾವ್ ನಾಗರಭಾವಿಯಲ್ಲಿ ಕಟ್ಟಿದ ಐಸೆಕ್ ದೇಶದ ಹೆಸರಾಂತ ಸಂಶೋಧನಾ ಸಂಸ್ಥೆಗಳಲ್ಲಿ ಒಂದಾಯಿತು. ಅದರ ನೆರೆಯಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಸಂಶೋಧನೆಗೆ ಒಂದು ಸಂಸ್ಥೆ, ಪಾಠಕ್ಕೆ ಇನ್ನೊಂದು ಎಂಬ ಏರ್ಪಾಡು 1960, 70ರ ದಶಕಗಳಲ್ಲಿ ದೇಶದ ಹಲವೆಡೆ ನಡೆಯಿತು. ವಿಶ್ವವಿದ್ಯಾಲಯಗಳ ರಾಜಕೀಯದಿಂದ ಸಂಶೋಧನೆಯನ್ನು ಕಾಪಾಡುವ ಉದ್ದೇಶ ಅದರಲ್ಲಿತ್ತು. ಅದರಿಂದ ಒಳ್ಳೆಯ ವರದಿಗಳು ಬಂದವು. ಆದರೆ ಎಂ.ಎ. ತರಗತಿಯ ವಿದ್ಯಾರ್ಥಿಗೆ ಹೊಸ ವಿಚಾರ ಹುಟ್ಟುವುದನ್ನು ಎದುರಿಗೆ ಕುಳಿತು ನೋಡುವ ಭಾಗ್ಯ ತಪ್ಪಿತು. ಒಡಿಶಾದಿಂದ ಬಂದ ಹುಡುಗನಿಗೆ ದೆಹಲಿಯಲ್ಲಿ ಸಿಕ್ಕಿದ್ದು ಆ ಭಾಗ್ಯವೇ. ದೆಹಲಿ ಸ್ಕೂಲನ್ನು ಕಟ್ಟಿದ ರಾವ್ ಅವರೇ ಈ ಬೇರ್ಪಡೆಗೂ ಕೈಜೋಡಿಸಿದರು ಎಂಬುದು ಅವರ ಬದುಕಿನ ಒಂದು ವಿಪರ್ಯಾಸ.

ನಮ್ಮ ವಿಭಾಗಗಳಿಗೆ ಶಕ್ತಿಯೇ ಇಲ್ಲ ಎಂದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದ ಡಿ.ಎಂ. ನಂಜುಂಡಪ್ಪ ಅವರ ಸಮಿತಿ, 35 ಸೂಚಕಗಳನ್ನು ಇಟ್ಟುಕೊಂಡು ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದು 2002ರಲ್ಲಿ ವರದಿ ಕೊಟ್ಟಿತು. ಉತ್ತರ ಕರ್ನಾಟಕದ ಅಳಲು ಅಲ್ಲಿಯವರೆಗೆ ಬರೀ ಭಾಷಣವಾಗಿತ್ತು. ಆ ವರದಿಯ ನಂತರ ಅದು ತಾಲ್ಲೂಕಿನ ಹೆಸರು ಹಿಡಿದು ಕೇಳಬಹುದಾದ ಹಕ್ಕಾಯಿತು. ಸರ್ಕಾರಗಳು ಬದಲಾದರೂ ಆ ಪಟ್ಟಿಯನ್ನು ಅಲ್ಲಗಳೆಯಲು ಆಗಲಿಲ್ಲ.

ಇಂಥ ಲೆಕ್ಕ ಹಾಕಬಲ್ಲವರು ಮುಂದೆಯೂ ಬೇಕಾದರೆ ಅವರು ತಯಾರಾಗಬೇಕಾದದ್ದು ಕಲಬುರ್ಗಿ, ಬಳ್ಳಾರಿ, ಧಾರವಾಡ, ಮೈಸೂರುಗಳ ಸಾಮಾನ್ಯ ತರಗತಿಗಳಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಮೊದಲ ಬಾರಿಗೆ ಎಂ.ಎ. ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರು ಕುಳಿತಿರುವ ತರಗತಿಗಳು ಅವು. ಅಲ್ಲಿನ ಹುದ್ದೆಗಳು ಖಾಲಿ ಬಿದ್ದು, ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಪಾಠ ಸಾಗುತ್ತಿರುವುದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ದೆಹಲಿ ಸ್ಕೂಲ್ ಬೆಳೆದದ್ದು ಖಾಸಗಿ ಶುಲ್ಕದಿಂದಲ್ಲ, ಸರ್ಕಾರದ ಹಣದಲ್ಲಿ ನಡೆಯುವ ಒಂದು ವಿಶ್ವವಿದ್ಯಾಲಯದೊಳಗೆ. ಒಳ್ಳೆಯ ಗ್ರಂಥಾಲಯ, ವಯಸ್ಸು ನೋಡದೆ ಮಾಡಿದ ನೇಮಕ, ಸರ್ಕಾರದ ಅಂಕಿಯನ್ನೂ ಸಹೋದ್ಯೋಗಿಯ ಮಾತನ್ನೂ ಪ್ರಶ್ನಿಸುವ ಸ್ವಾತಂತ್ರ್ಯ, ಇಷ್ಟೇ ಅದರ ಬಂಡವಾಳ. ಇವುಗಳಲ್ಲಿ ಯಾವುದೂ ಕರ್ನಾಟಕದ ಕೈಗೆ ಎಟುಕದ್ದಲ್ಲ.